ಫೋಟೋದಲ್ಲಿ ನೀಲಿ, ಕೈಯಲ್ಲಿ ನೇರಳೆ: ಸೀರೆಯ ಬಣ್ಣ ಎಲ್ಲಿ ತಪ್ಪಿತು ಅಂತ ಹುಡುಕುವ ಬಗೆ

"ಫೋಟೋದಲ್ಲಿ ನೀಲಿ ಇತ್ತು, ಬಂದದ್ದು ನೇರಳೆ." ಮನೆಯಿಂದ ಸೀರೆ ಮಾರುವವರಿಗೆ ಈ ಮಾತು ಕೇಳಿ ಕೇಳಿ ಅಭ್ಯಾಸವಾಗಿರುತ್ತದೆ. ಪಾರ್ಸೆಲ್ ವಾಪಸ್ ಬರುತ್ತದೆ, ಕೊರಿಯರ್ ದುಡ್ಡು ಕೈಯಿಂದ ಹೋಗುತ್ತದೆ. ಆಮೇಲೆ ಹೆಚ್ಚಿನವರು ಒಂದೋ ಹೊಸ ಮೊಬೈಲ್ ಕೊಳ್ಳುತ್ತಾರೆ, ಇಲ್ಲವೇ ಎಡಿಟಿಂಗ್ ಆಪ್ ತೆರೆದು ಬಣ್ಣದ ಸ್ಲೈಡರ್‌ಗಳನ್ನು ಸುಮ್ನೆ ಎಳೆದಾಡುತ್ತಾರೆ. ಎರಡರಿಂದಲೂ ದೂರು ನಿಲ್ಲುವುದಿಲ್ಲ.

ಸಣ್ಣ ಮಾರಾಟಗಾರರಿಗೆ ಸೀರೆ ಫೋಟೋ ತೆಗೆದುಕೊಡುವುದು ನನ್ನ ಕೆಲಸ. ಬಣ್ಣದ ತಕರಾರಿನಲ್ಲಿ ಕ್ಯಾಮೆರಾದ ಪಾಲು ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ಬೆಳಕಿನ ಪಾಲು ಜಾಸ್ತಿ. ಕಣ್ಣಿನ ಪಾಲನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೀರೆಯಿಂದ ಗಿರಾಕಿಯ ತಲೆಯವರೆಗೆ ಬಣ್ಣ ಹೋಗುವ ದಾರಿಯಲ್ಲಿ ಬೆಳಕು, ಬಟ್ಟೆ, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್, ಸ್ಕ್ರೀನ್, ಕಣ್ಣು ಎಲ್ಲವೂ ಬರುತ್ತವೆ. ತಪ್ಪು ಇದರಲ್ಲಿ ಎಲ್ಲಾಯಿತು ಅಂತ ಗೊತ್ತಾಗುವ ತನಕ ಯಾವ ಸ್ಲೈಡರನ್ನೂ ಮುಟ್ಟಬೇಡಿ.

ಮೊದಲು ದೂರನ್ನೇ ಸರಿಯಾಗಿ ಕೇಳಿ

"ಬಣ್ಣ ಸರಿ ಇಲ್ಲ" ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ತಪ್ಪಾಗಿರುವುದು ಇಡೀ ಫೋಟೋವೋ, ಒಂದೇ ಬಣ್ಣವೋ ಅಂತ ನೋಡಬೇಕು. ಹಿಂದಿನ ಬಿಳಿ ಗೋಡೆ, ಜರಿ, ಹಿಡಿದವರ ಕೈ ಎಲ್ಲದಕ್ಕೂ ಹಳದಿಯೋ ನೀಲಿಯೋ ಹೊಡೆದಿದ್ದರೆ ಅದು ವೈಟ್ ಬ್ಯಾಲೆನ್ಸ್ ತೊಂದರೆ, ಅಂದರೆ ಬೆಳಕಿನ ಬಣ್ಣ ಕಳೆದು ಬಿಳಿಯನ್ನು ಬಿಳಿಯಾಗಿ ತೋರಿಸುವ ಕ್ಯಾಮೆರಾದ ಲೆಕ್ಕ ತಪ್ಪಿದೆ. ಗೋಡೆ, ಕೈ, ಜರಿ ಎಲ್ಲ ಸರಿಯಾಗಿದ್ದು ಒಡಲಿನ ನೇರಳೆ ಮಾತ್ರ ನೀಲಿಯಾಗಿದ್ದರೆ ವೈಟ್ ಬ್ಯಾಲೆನ್ಸ್ ಎಷ್ಟು ತಿರುಗಿಸಿದರೂ ಅದು ಸರಿಹೋಗದು. ನೇರಳೆ ಹತ್ತಿರ ಬರುವಷ್ಟರಲ್ಲಿ ಗೋಡೆ ಗುಲಾಬಿಯಾಗಿರುತ್ತದೆ.

ಇನ್ನೊಂದೆರಡು ಪ್ರಶ್ನೆ. ಒಂದೇ ಫೋಟೋ ನಿಮ್ಮ ಮೊಬೈಲಲ್ಲಿ ಸರಿ ಇದ್ದು ಗಿರಾಕಿಯ ಮೊಬೈಲಲ್ಲಿ ಬೇರೆ ಕಾಣುತ್ತಿದೆಯೇ? ಹಾಗಾದರೆ ಸ್ಕ್ರೀನ್ ಕಡೆ ನೋಡಿ. ಒಂದೇ ಜಾಗದಲ್ಲಿ ಸಾಲಾಗಿ ತೆಗೆದ ಫೋಟೋಗಳಲ್ಲಿ ಬಣ್ಣ ಒಂದೊಂದರಲ್ಲಿ ಒಂದೊಂದು ತರಹ ಇದೆಯೇ? ಆಟೋ ವೈಟ್ ಬ್ಯಾಲೆನ್ಸ್ ಅಥವಾ ಮಿನುಗುವ ದೀಪದ ಮೇಲೆ ಅನುಮಾನ ಪಡಿ. ಸೀರೆ ಸ್ವಲ್ಪ ತಿರುಗಿಸಿದರೆ ಬಣ್ಣ ಬದಲಾಗುತ್ತಿದೆಯೇ? ಅದು ದೋಷವೇ ಅಲ್ಲ, ನೇಯ್ಗೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಂಬಬಹುದಾದ ಒಂದು ಬಿಳಿ

ತನಿಖೆಗೆ ಒಂದು ಸಾಕ್ಷಿ ಬೇಕು. ಅಂದರೆ ಯಾವ ಬಣ್ಣವೂ ಇಲ್ಲದ ಒಂದು ವಸ್ತು ಚೌಕಟ್ಟಿನೊಳಗೆ ಇರಬೇಕು. ಕ್ಯಾಮೆರಾ ಅಂಗಡಿಯ ಗ್ರೇ ಕಾರ್ಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ನಲ್ಲಿ ಸೋರದಂತೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಒಂದು ಸುರುಳಿ ತನ್ನಿ. ಒಂದು ರಟ್ಟಿನ ತುಂಡಿಗೆ ಅದನ್ನು ಪದರ ಪದರವಾಗಿ, ರಟ್ಟು ಕಾಣದಷ್ಟು ದಪ್ಪ ಸುತ್ತಿ. ಕಣ್ಣಿಗೆ ಕಾಣುವ ಎಲ್ಲ ಬಣ್ಣದ ಬೆಳಕನ್ನೂ ಟೆಫ್ಲಾನ್ ಹೆಚ್ಚುಕಡಿಮೆ ಒಂದೇ ಸಮ ಹಿಂದೆ ಕಳಿಸುತ್ತದೆ. ಬೆಳಕು ಅಳೆಯುವ ಲ್ಯಾಬುಗಳಲ್ಲಿ ಬಳಸುವ ಬಿಳಿ ಫಲಕಗಳನ್ನು ಮಾಡುವುದೂ ಈ ಜಾತಿಯ ಪ್ಲಾಸ್ಟಿಕ್‌ನಿಂದಲೇ.

ಎ4 ಹಾಳೆ ಸಾಲದೇ ಅಂತ ಕೇಳುತ್ತೀರಿ. ಸಾಲದು. ಬಿಳಿ ಹಾಳೆ, ಬಿಳಿ ಪಂಚೆ, ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಅಂಗಿ ಇವುಗಳಲ್ಲೆಲ್ಲ ಹೊಳಪಿಗೆಂದು ಒಂದು ರಾಸಾಯನಿಕ ಇರುತ್ತದೆ. ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು ನೀಲಿ ಬೆಳಕನ್ನು ಹೊರಗೆ ಬಿಡುತ್ತದೆ. ಹಾಗಾಗಿ ಬಿಸಿಲಿನಲ್ಲಿ ಹಾಳೆ ಇರುವುದಕ್ಕಿಂತ ನೀಲಿ. ಎಲ್‌ಇಡಿ ದೀಪದಲ್ಲಿ ನೇರಳಾತೀತ ಇಲ್ಲವೆಂಬಷ್ಟು ಕಡಿಮೆ, ಅಲ್ಲಿ ಅದೇ ಹಾಳೆ ಮಂಕು. ಬೆಳಕು ಬದಲಾದಂತೆ ತಾನೂ ಬದಲಾಗುವ ಸಾಕ್ಷಿಯನ್ನು ಕಟ್ಟಿಕೊಂಡು ಏನು ಮಾಡುವುದು?

ಟೇಪ್ ಸುತ್ತಿದ ರಟ್ಟನ್ನು ಸೀರೆಯ ಪಕ್ಕದಲ್ಲೇ, ಸೀರೆಗೆ ಬೀಳುವ ಬೆಳಕೇ ಬೀಳುವ ಹಾಗೆ ಇಟ್ಟು ಫೋಟೋ ತೆಗೆಯಿರಿ. ಆಮೇಲೆ ಎಡಿಟಿಂಗ್ ಆಪ್‌ನ ಬಣ್ಣ ಅಳೆಯುವ ಪಿಪೆಟ್ಟನ್ನು ಅದರ ಮೇಲಿಡಿ. ಕೆಂಪು 212, ಹಸಿರು 205, ನೀಲಿ 183 ಅಂತ ಬಂದರೆ ಫೋಟೋ ಹಳದಿ ಕಡೆ ವಾಲಿದೆ. ಮೂರೂ ಸರಿಸುಮಾರು ಒಂದೇ ಬಂದರೆ ವೈಟ್ ಬ್ಯಾಲೆನ್ಸ್ ಸರಿಯಾಗಿದೆ, ತಪ್ಪು ಬೇರೆಡೆ ಇದೆ. ಮೂರೂ 255 ಬಂದರೆ ಖುಷಿಪಡಬೇಡಿ. ಅಲ್ಲಿ ಬೆಳಕು ಜಾಸ್ತಿಯಾಗಿ ಮೂರೂ ಮೇಲಿನ ಗಡಿಗೆ ಬಡಿದಿವೆ, ಅಳತೆ ಕೆಲಸಕ್ಕೆ ಬಾರದು. ಎಕ್ಸ್‌ಪೋಷರ್ (ಫೋಟೋಗೆ ಸೇರುವ ಬೆಳಕಿನ ಪ್ರಮಾಣ) ಇಳಿಸಿ ಮತ್ತೆ ತೆಗೆಯಿರಿ.

ಇಡೀ ಫೋಟೋಗೆ ಬಣ್ಣ ಹೊಡೆದಿದ್ದರೆ

ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹಳೆಯ ತಂತಿಯ ಬಲ್ಬಿನ ಬೆಳಕು ಸುಮಾರು 2,700 ಕೆಲ್ವಿನ್. ಮಧ್ಯಾಹ್ನದ ಬಿಸಿಲು 5,500ರ ಆಸುಪಾಸು. ಮೋಡ ಕವಿದ ಆಕಾಶ 6,500. ನೀಲಿ ಆಕಾಶದ ಕೆಳಗಿನ ನೆರಳು 7,000 ದಾಟಿ ಇನ್ನೂ ಮೇಲೆ ಹೋಗುತ್ತದೆ. ಸಂಖ್ಯೆ ಏರಿದಷ್ಟೂ ಬೆಳಕು ನೀಲಿ. ಇಷ್ಟು ದೊಡ್ಡ ವ್ಯತ್ಯಾಸ ನಮಗೆ ದಿನಾ ಯಾಕೆ ಕಾಣುವುದಿಲ್ಲ ಅಂದರೆ, ಕಣ್ಣು ಬೆಳಕಿನ ಜೊತೆ ಚೌಕಾಸಿ ಮಾಡುತ್ತದೆ. ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಕೋನ್ ಕೋಶಗಳಿವೆ. ಬಲ್ಬಿನ ಹಳದಿ ಬೆಳಕಲ್ಲಿ ಕೂತರೆ ಕೆಂಪು ಕಡೆಯ ಕೋಶಗಳು ಸ್ವಲ್ಪ ಸ್ವಲ್ಪವಾಗಿ ಮಂದವಾಗುತ್ತವೆ, ನೀಲಿ ಕಡೆಯವು ಚುರುಕಾಗುತ್ತವೆ. ಕೊಂಚ ಹೊತ್ತಿಗೆ ಬಿಳಿ ಪಂಚೆ ಮತ್ತೆ ಬಿಳಿಯಾಗಿಯೇ ಕಾಣುತ್ತದೆ. ಯೊಹಾನೆಸ್ ಫಾನ್ ಕ್ರೀಸ್ ಎಂಬ ಜರ್ಮನ್ ವಿಜ್ಞಾನಿ 1902ರಲ್ಲಿ ಈ ಲೆಕ್ಕವನ್ನು ಬರೆದಿಟ್ಟರು. ಇವತ್ತಿಗೂ ಕ್ಯಾಮೆರಾಗಳ ವೈಟ್ ಬ್ಯಾಲೆನ್ಸ್ ಅದೇ ಜಾಡಿನಲ್ಲಿ, ಮೂರು ಬಣ್ಣಗಳನ್ನು ಬೇರೆ ಬೇರೆಯಾಗಿ ಗುಣಿಸಿ ಕೆಲಸ ಮಾಡುತ್ತದೆ.

ಆದರೆ ಕ್ಯಾಮೆರಾಗೆ ಸುತ್ತಲ ಕೋಣೆ ಕಾಣುವುದಿಲ್ಲ. ಚೌಕಟ್ಟಿನೊಳಗೆ ಏನಿದೆಯೋ ಅದರಿಂದಲೇ ಬೆಳಕನ್ನು ಊಹಿಸಬೇಕು. ಅದರ ಹಳೆಯ, ಸರಳ ಊಹೆ ಏನೆಂದರೆ, ಎಲ್ಲ ಬಣ್ಣ ಕೂಡಿಸಿ ಸರಾಸರಿ ತೆಗೆದರೆ ಬೂದು ಬರಬೇಕು ಎನ್ನುವುದು. ಈಗಿನ ಫೋನುಗಳು ಇದಕ್ಕಿಂತ ಜಾಣ, ಆದರೂ ಈ ಚಾಳಿ ಪೂರ್ತಿ ಹೋಗಿಲ್ಲ. ಅರಿಶಿನ ಬಣ್ಣದ ಸೀರೆಯನ್ನು ಚೌಕಟ್ಟು ತುಂಬ ಹಿಡಿದರೆ ಫೋನು "ಬೆಳಕೇ ಹಳದಿ ಇರಬೇಕು" ಅಂದುಕೊಂಡು ನೀಲಿ ಸುರಿಯುತ್ತದೆ. ಅರಿಶಿನ ಹೋಗಿ ಪೇಲವ ನಿಂಬೆಯಾಗುತ್ತದೆ. ಪಕ್ಕದಲ್ಲಿ ಕಡುನೀಲಿ ಸೀರೆ ಇಟ್ಟರೆ ಅದೇ ಅರಿಶಿನ ಮತ್ತೆ ಬೆಚ್ಚಗಾಗುತ್ತದೆ.

ಇದನ್ನು ಹಿಡಿಯುವ ಪರೀಕ್ಷೆ ಸುಲಭ. ಸೀರೆಯೊಂದನ್ನೇ ಚೌಕಟ್ಟು ತುಂಬ ಒಮ್ಮೆ ತೆಗೆಯಿರಿ. ಆಮೇಲೆ ಏನನ್ನೂ ಕದಲಿಸದೆ, ಅರ್ಧ ಭಾಗವನ್ನು ಬೂದು ರಟ್ಟಿನಿಂದ ಮುಚ್ಚಿ ಇನ್ನೊಮ್ಮೆ. ಉಳಿದರ್ಧದ ಬಣ್ಣ ಬದಲಾಯಿತೇ? ಹಾಗಾದರೆ ಕಳ್ಳ ಸಿಕ್ಕಿದ. ಫೋನಿನ ಪ್ರೊ ಮೋಡ್‌ಗೆ ಹೋಗಿ ಕೆಲ್ವಿನ್ ಸಂಖ್ಯೆಯನ್ನು ಕೈಯಾರೆ ಕೂರಿಸಿ. ಆ ದಿನದ ಎಲ್ಲ ಸೀರೆಗಳಿಗೂ ಅದೇ ಸಂಖ್ಯೆ ಇರಲಿ. ಕೊಂಚ ತಪ್ಪಾದರೂ ಎಲ್ಲದರಲ್ಲೂ ಒಂದೇ ತಪ್ಪು ಇರುತ್ತದೆ, ಒಂದೇ ಏಟಿಗೆ ತಿದ್ದಬಹುದು.

ಕಷ್ಟ ಬರುವುದು ಎರಡು ಬೆಳಕು ಬೆರೆತಾಗ. ಒಂದು ಕಡೆ ಕಿಟಕಿ, ಮೇಲೆ ಹಾಲಿನ ಹಳದಿ ದೀಪ. ಸೆರಗಿನ ಹತ್ತಿರ ಒಂದು ಟೇಪ್ ತುಂಡು, ಇನ್ನೊಂದು ತುದಿಯಲ್ಲಿ ಇನ್ನೊಂದು ಇಡಿ. ಎರಡರ ಅಳತೆ ಬೇರೆ ಬೇರೆ ಬಂದರೆ ಎಡಿಟಿಂಗ್‌ನಲ್ಲಿ ಅದನ್ನು ಸರಿಮಾಡುವ ಆಸೆ ಬಿಡಿ. ಎದ್ದು ಹೋಗಿ ದೀಪ ಆರಿಸಿ. ಹಾಗೆಯೇ ನೆಲವನ್ನೂ ನೋಡಿ. ಹಳೆ ಮನೆಗಳ ಕೆಂಪು ಗಾರೆ ನೆಲ ಫೋಟೋದಲ್ಲಿ ಚೆಂದ, ನಿಜ. ಆದರೆ ಬಿಸಿಲು ಅದರ ಮೇಲೆ ಬಿದ್ದು ಪುಟಿದು ಸೀರೆಯ ಕೆಳ ಅಂಚಿಗೆಲ್ಲ ಕೆಂಪು ಬಳಿಯುತ್ತದೆ. ಮರದ ಕೆಳಗೆ ನೇತುಹಾಕಿದರೆ ಎಲೆಯ ಹಸಿರು. ನೆಲಕ್ಕೆ ಬಿಳಿ ಬೆಡ್‌ಶೀಟ್ ಹಾಸಿದರೆ ಆ ತೊಂದರೆ ಮುಗಿಯಿತು.

ಉತ್ತರ ದಿಕ್ಕಿನ ಕಿಟಕಿಯ ಬಗ್ಗೆ ಒಂದು ಮಾತು. ಫೋಟೋಗ್ರಫಿ ಪಾಠಗಳಲ್ಲೆಲ್ಲ ಅದೇ ಶ್ರೇಷ್ಠ ಅಂತ ಇರುತ್ತದೆ, ಅಲ್ಲಿ ನೇರ ಬಿಸಿಲು ಬರುವುದಿಲ್ಲವಂತೆ. ಅದು ಯುರೋಪಿನ ಮಾತು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯನೂ ಉತ್ತರಕ್ಕೇ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ತೆಳು ಬಿಳಿ ಪರದೆ ಬೇಕು. ಮಳೆಗಾಲದ ಮೋಡ ಕವಿದ ಬೆಳಗ್ಗೆ ಸಿಕ್ಕರೆ ಇದ್ದಬದ್ದ ಸೀರೆಯನ್ನೆಲ್ಲ ಅವತ್ತೇ ತೆಗೆದುಬಿಡಿ. ಅದಕ್ಕಿಂತ ಒಳ್ಳೆಯ ಸ್ಟುಡಿಯೋ ದೀಪ ಇಲ್ಲ.

ನೇರಳೆಯೊಂದೇ ನೀಲಿಯಾದರೆ

ಅತಿ ಹೆಚ್ಚು ವಾಪಸಾತಿ ತರುವ ಬಣ್ಣ ಇದು. ನೇರಳೆ ಹಣ್ಣಿನ ಬಣ್ಣ, ಬದನೆಕಾಯಿ ಬಣ್ಣ, ವೈನ್, ಕೆಲವು ರಾಣಿ ಪಿಂಕ್‌ಗಳು. ಟೆಫ್ಲಾನ್ ಅಳತೆ ಸರಿ ಇದೆ, ಜರಿ ಸರಿ ಇದೆ, ಆದರೂ ಒಡಲು ಮಾತ್ರ ಇಂಕ್ ನೀಲಿ.

ನೇರಳೆ ಬಟ್ಟೆ ಮಾಡುವುದು ಇಷ್ಟು: ನಡುವಿನ ಹಸಿರನ್ನು ನುಂಗುತ್ತದೆ, ಎರಡು ತುದಿಯ ನೀಲಿಯನ್ನೂ ಕೆಂಪನ್ನೂ ಹಿಂದೆ ಕಳಿಸುತ್ತದೆ. ಹಲವು ನೇರಳೆ ಬಣ್ಣಗಳಲ್ಲಿ ಕೆಂಪಿನ ಪಾಲು ಬರುವುದು ತೀರಾ ತುದಿಯ ಕಡುಕೆಂಪಿನಿಂದ, ಬೆಳಕಿನ ತರಂಗದ ಉದ್ದದ ಲೆಕ್ಕದಲ್ಲಿ 620 ನ್ಯಾನೋಮೀಟರ್‌ನಿಂದ ಆಚೆಗೆ. ಈಗ ಮನೆಯ ಬಿಳಿ ಎಲ್‌ಇಡಿ ಬಲ್ಬನ್ನು ನೋಡಿ. ಅದರೊಳಗೆ ನಿಜವಾಗಿ ಇರುವುದು 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಎಲ್‌ಇಡಿ. 2014ರ ಭೌತವಿಜ್ಞಾನದ ನೊಬೆಲ್ ಬಂದದ್ದು ಇದೇ ನೀಲಿಗೆ. ಅದರ ಮೇಲೆ ಫಾಸ್ಫರ್ ಲೇಪ, ಅದು ಒಂದಷ್ಟು ನೀಲಿಯನ್ನು ಹೀರಿ ಹಳದಿಯಾಗಿ ಬಿಡುತ್ತದೆ. ನೀಲಿ ಮತ್ತು ಹಳದಿ ಸೇರಿ ಕಣ್ಣಿಗೆ ಬಿಳಿ. ಆದರೆ ಕಡುಕೆಂಪು ಅದರಲ್ಲಿ ತೀರಾ ಕಡಿಮೆ. ದೀಪದಲ್ಲಿ ಇಲ್ಲದ ಕೆಂಪನ್ನು ಬಟ್ಟೆ ಎಲ್ಲಿಂದ ತಂದು ತೋರಿಸಬೇಕು? ಅದು ಉಳಿದ ನೀಲಿಯನ್ನೇ ತೋರಿಸುತ್ತದೆ. ಅದೇ ಸೀರೆಯನ್ನು ಹಳೆಯ ತಂತಿ ಬಲ್ಬಿನ ಕೆಳಗೆ ಹಿಡಿಯಿರಿ, ಕೆಂಪು ಧಾರಾಳ ಇರುವುದರಿಂದ ಮರೂನ್ ಕಡೆಗೆ ಜಾರುತ್ತದೆ.

ಬಲ್ಬಿನ ಡಬ್ಬದ ಮೇಲೆ ಸಿಆರ್‌ಐ 80 ಅಂತ ಬರೆದಿರುವುದನ್ನು ನೋಡಿ ಸಮಾಧಾನ ಬೇಡ. ಸಿಆರ್‌ಐ ಅಂದರೆ ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವುದಕ್ಕೆ ನೂರಕ್ಕೆ ಕೊಡುವ ಅಂಕ. ಆ ಅಂಕಿಯನ್ನು ಲೆಕ್ಕ ಹಾಕುವುದು 8 ತೆಳು ಬಣ್ಣದ ಮಾದರಿಗಳ ಸರಾಸರಿಯಿಂದ. ದಟ್ಟ ಕೆಂಪಿನ ಪರೀಕ್ಷೆ ಒಂಬತ್ತನೆಯದು, ಆರ್ 9 ಅಂತ ಅದರ ಹೆಸರು, ಅದು ಆ ಸರಾಸರಿಯಲ್ಲಿ ಸೇರುವುದೇ ಇಲ್ಲ. ಹಾಗಾಗಿ 80 ಅಂಕ ಪಡೆದ ದೀಪದ ಆರ್ 9 ಸೊನ್ನೆಯ ಹತ್ತಿರ ಇದ್ದರೂ ಡಬ್ಬ ಸುಳ್ಳು ಹೇಳಿದಂತಾಗುವುದಿಲ್ಲ. ಸೀರೆಗೆ ದೀಪ ಕೊಳ್ಳುವುದಾದರೆ ಸಿಆರ್‌ಐ 95ರ ಮೇಲಿರಲಿ, ಆರ್ 9 ಎಷ್ಟು ಅಂತಲೂ ಬೇರೆಯಾಗಿ ಬರೆದಿರಲಿ. ಆ ಸಂಖ್ಯೆಯನ್ನು ಬಚ್ಚಿಡುವ ದೀಪವನ್ನು ನಾನಂತೂ ತೆಗೆದುಕೊಳ್ಳುವುದಿಲ್ಲ.

ದುಡ್ಡಿಲ್ಲದೆ ದೀಪ ಪರೀಕ್ಷಿಸುವ ದಾರಿಯೂ ಇದೆ. ಮನೆಯಲ್ಲಿ ಎಲ್ಲೋ ಬಿದ್ದಿರುವ ಹಳೆ ಸಿಡಿ ಹುಡುಕಿ. ಕತ್ತಲೆ ಕೋಣೆಯಲ್ಲಿ ಒಂದೇ ದೀಪ ಹಚ್ಚಿ, ಸಿಡಿಯ ಹೊಳೆಯುವ ಬದಿಯಲ್ಲಿ ಅದರ ಬೆಳಕು ಕಾಮನಬಿಲ್ಲಾಗಿ ಹರಡುವುದನ್ನು ಓರೆಯಾಗಿ ನೋಡಿ. ತಂತಿ ಬಲ್ಬಿನದು ನೀಲಿಯಿಂದ ಕೆಂಪಿನವರೆಗೆ ಎಲ್ಲೂ ಕಡಿಯದ ಪಟ್ಟಿ, ಕೆಂಪು ಅಗಲ. ಹಳೆ ಸಿಎಫ್‌ಎಲ್‌ನದು ಬಿಡಿ ಬಿಡಿ ಬಣ್ಣದ ತುಂಡುಗಳು. ಸಾಧಾರಣ ಎಲ್‌ಇಡಿಯಲ್ಲಿ ಒಂದು ಗಟ್ಟಿ ನೀಲಿ, ಆಮೇಲೆ ಕೊಂಚ ಮಸುಕು, ಮತ್ತೆ ಹಸಿರು-ಹಳದಿ, ಕೆಂಪು ತುದಿ ಬೇಗ ಮುಗಿದುಹೋಗುತ್ತದೆ. ಕೆಂಪು ತುದಿ ಮೊಟಕಾದ ದೀಪದ ಕೆಳಗೆ ನೇರಳೆ ಸೀರೆ ತೆಗೆಯಬೇಡಿ. ಸಿ. ವಿ. ರಾಮನ್ ಅವರು 1960ರ ದಶಕದಲ್ಲಿ ಬೆಂಗಳೂರಿನಲ್ಲಿ ಹೂವಿನ ಬಣ್ಣಗಳ ಮೇಲೆ ಕೆಲಸ ಮಾಡುವಾಗ ಹೀಗೆಯೇ ಬೆಳಕನ್ನು ಬಿಡಿಸಿ ನೋಡುತ್ತಿದ್ದರು, ಅವರ ಕೈಯಲ್ಲಿದ್ದ ಸಾಧನ ಇದಕ್ಕಿಂತ ಬಹಳ ಚೆನ್ನಾಗಿತ್ತು ಅಷ್ಟೇ.

ಕಿಟಕಿ ಬೆಳಕಿನಲ್ಲೂ ನೇರಳೆ ನೀಲಿಯಾಗಿಯೇ ಬಂದರೆ ಆಗ ಮಾತ್ರ ಸೆನ್ಸರ್ ಮೇಲೆ ಅನುಮಾನ ಪಡಬಹುದು. ಸೆನ್ಸರ್‌ಗೆ ತಾನಾಗಿ ಬಣ್ಣ ಗೊತ್ತಾಗುವುದಿಲ್ಲ. ಕೊಡಾಕ್‌ನ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ಉಪಾಯದಂತೆ, ಅದರ ಚುಕ್ಕಿಗಳ ಮೇಲೆ ಪುಟ್ಟ ಬಣ್ಣದ ಫಿಲ್ಟರ್‌ಗಳಿರುತ್ತವೆ: ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಈ ಫಿಲ್ಟರ್‌ಗಳು ಕಣ್ಣಿನ ಕೋಶಗಳ ಅಳತೆಗೆ ಸರಿಯಾಗಿ ಹೊಂದುವುದಿಲ್ಲ. ಕಣ್ಣಿಗೆ ಕಾಮನಬಿಲ್ಲಿನ ನೇರಳೆ ತುದಿಯಲ್ಲಿ ಕೊಂಚ ಕೆಂಪಿನ ಛಾಯೆ ಕಾಣುತ್ತದೆ, ಹೆಚ್ಚಿನ ಸೆನ್ಸರ್‌ಗಳಿಗೆ ಅಲ್ಲಿ ಬರೀ ನೀಲಿ. ಜೊತೆಗೆ ಇನ್‌ಫ್ರಾರೆಡ್ ತಡೆಯಲು ಸೆನ್ಸರ್ ಮುಂದೆ ಒಂದು ಗಾಜು ಇರುತ್ತದೆ, ಹಲವು ಕ್ಯಾಮೆರಾಗಳಲ್ಲಿ ಅದು ಕಡುಕೆಂಪನ್ನೂ ಸ್ವಲ್ಪ ತಿನ್ನುತ್ತದೆ. ಹೀಗಾಗಿ ನೇರಳೆಗೆ ಎರಡೂ ಕಡೆಯಿಂದ ಕೆಂಪು ನಷ್ಟ.

ಇದಕ್ಕೆ ಸರಿಯಾದ ಮದ್ದು 24 ಚೌಕಗಳ ಬಣ್ಣದ ಚಾರ್ಟ್. ಅದರ ಫೋಟೋ ತೆಗೆದು ನಿಮ್ಮ ಕ್ಯಾಮೆರಾಗೆ ಒಂದು ಪ್ರೊಫೈಲ್ (ಬಣ್ಣ ತಿದ್ದುವ ಲೆಕ್ಕ) ಮಾಡಿಕೊಂಡು, ಸೆನ್ಸರ್ ಕೊಟ್ಟ ಹಸಿ ಮಾಹಿತಿ ಇರುವ ರಾ ಫೈಲ್‌ಗಳಿಗೆ ಹಚ್ಚುವುದು. ಅಷ್ಟೆಲ್ಲ ಬೇಡ ಅನ್ನುವವರು ಟೆಫ್ಲಾನ್‌ನಿಂದ ವೈಟ್ ಬ್ಯಾಲೆನ್ಸ್ ಸರಿಮಾಡಿಕೊಂಡ ಮೇಲೆ, ಎಡಿಟಿಂಗ್ ಆಪ್‌ನಲ್ಲಿ ನೇರಳೆಯ ಹ್ಯೂ (ಬಣ್ಣದ ಛಾಯೆ) ಒಂದನ್ನೇ ಕೆಂಪಿನ ಕಡೆಗೆ ಕೊಂಚ ಸರಿಸಿ. ಮೊದಲು ಬಿಳಿ, ಆಮೇಲೆ ನೇರಳೆ. ಕ್ರಮ ತಿರುಗುಮುರುಗಾದರೆ ಎರಡೂ ಕೆಡುತ್ತವೆ.

ಕಪ್ಪು ಸೀರೆ ಕಂದು ಅಥವಾ ಮರೂನ್ ಆಗುವುದು ಇದರ ತದ್ವಿರುದ್ಧ ರೋಗ. ಕಣ್ಣಿಗೆ ಕಪ್ಪಾಗಿ ಕಾಣುವ ಕೆಲವು ಸಿಂಥೆಟಿಕ್ ಬಟ್ಟೆಗಳು ಇನ್‌ಫ್ರಾರೆಡ್ಡನ್ನು ಚೆನ್ನಾಗಿ ಹಿಂದೆ ಕಳಿಸುತ್ತವೆ. ಕ್ಯಾಮೆರಾದ ತಡೆಗಾಜು ತೆಳುವಾಗಿದ್ದರೆ ಅದು ಒಳಗೆ ನುಸುಳಿ ಕೆಂಪಾಗಿ ದಾಖಲಾಗುತ್ತದೆ. 2006ರ ಲೈಕಾ ಎಂ8ನಲ್ಲಿ ಇದು ಎಷ್ಟು ಎದ್ದು ಕಂಡಿತ್ತೆಂದರೆ ಕಂಪನಿಯೇ ಕೊಂಡವರಿಗೆ ಫಿಲ್ಟರ್ ಕೊಡಬೇಕಾಯಿತು. ಹ್ಯಾಲೋಜನ್ ದೀಪದಲ್ಲಿ ಇನ್‌ಫ್ರಾರೆಡ್ ಜಾಸ್ತಿ, ಎಲ್‌ಇಡಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಪ್ಪಿಗೆ ಎಲ್‌ಇಡಿ ವಾಸಿ, ನೇರಳೆಗೆ ಅಲ್ಲ. ತಮಾಷೆ ಅಲ್ವಾ?

ಕುಂಕುಮ ಕೆಂಪಿನಲ್ಲಿ ನೆರಿಗೆಗಳೇ ಕಾಣದೆ ಒಂದೇ ಸಪಾಟು ಕೆಂಪು ಬಂದರೆ ಅದು ಬೆಳಕಿನ ಬಣ್ಣದ ತಪ್ಪಲ್ಲ, ಪ್ರಮಾಣದ ತಪ್ಪು. ಕೆಂಪು ಚಾನೆಲ್ 255ಕ್ಕೆ ಬಡಿದು ನಿಂತಿದೆ, ಹಸಿರು ನೀಲಿ ಕೆಳಗೇ ಇವೆ. ಒಟ್ಟು ಬೆಳಕಿನ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಇದನ್ನು ಮುಚ್ಚಿಹಾಕುತ್ತದೆ, ಮೂರೂ ಚಾನೆಲ್ ಬೇರೆ ಬೇರೆ ತೋರಿಸುವುದನ್ನೇ ನೋಡಿ. ಎಕ್ಸ್‌ಪೋಷರ್ ಇಳಿಸಿದರೆ ನೆರಿಗೆ ವಾಪಸ್ ಬರುತ್ತದೆ. ಕಡು ನವಿಲು ಹಸಿರಿನ ಕೆಲವು ರೇಷ್ಮೆಗಳಿಗೆ ಮಾತ್ರ ಪರಿಹಾರ ಇಲ್ಲ. ವೆಬ್‌ನ ಸಾಮಾನ್ಯ ಬಣ್ಣದ ಅಳತೆಯಾದ ಎಸ್‌ಆರ್‌ಜಿಬಿಯೊಳಗೆ ಆ ಬಣ್ಣ ಹಿಡಿಸುವುದೇ ಇಲ್ಲ, ಒಂದು ಪಾಲು ಮಂಕಾಗಿಯೇ ಬರುತ್ತದೆ.

ಅಂಗಡಿಯಲ್ಲಿ ಮ್ಯಾಚ್, ಬೀದಿಯಲ್ಲಿ ಮಿಸ್‌ಮ್ಯಾಚ್

ಮ್ಯಾಚಿಂಗ್ ಸೆಂಟರ್‌ಗೆ ಹೋದ ಹೆಂಗಸರು ಬ್ಲೌಸ್ ಪೀಸ್ ಹಿಡಿದು "ಒಂದ್ನಿಮಿಷ, ಹೊರಗೆ ನೋಡ್ಕೊಂಡು ಬರ್ತೀನಿ" ಅಂತ ಬಾಗಿಲಿಗೆ ಬರುವುದನ್ನು ಚಿಕ್ಕಪೇಟೆಯಲ್ಲಿ ನೋಡಿಯೇ ಇರುತ್ತೀರಿ. ಕೆಲವು ಅಂಗಡಿಯವರಿಗೆ ಸಿಟ್ಟು. ಆದರೆ ಬಟ್ಟೆ ಮಿಲ್ಲುಗಳ ಲ್ಯಾಬಿನಲ್ಲಿ ಮಾಡುವ ಪರೀಕ್ಷೆಯೂ ಇದೇ. ಅಲ್ಲಿ ಒಂದು ಬೂದು ಬಣ್ಣದ ಪೆಟ್ಟಿಗೆ ಇರುತ್ತದೆ. ಡಿ65 ಎಂಬ ಹಗಲು ಬೆಳಕು, ಅಂಗಡಿಯ ಟ್ಯೂಬ್‌ಲೈಟ್, ಹಳೆ ಬಲ್ಬಿನ ಬೆಳಕು ಇವನ್ನು ಒಂದಾದ ಮೇಲೊಂದು ಹೊತ್ತಿಸಿ ಎರಡು ತುಂಡುಗಳನ್ನು ಪಕ್ಕ ಪಕ್ಕ ಇಟ್ಟು ನೋಡುತ್ತಾರೆ.

ಕಾರಣ ಇಷ್ಟೇ. ಬೇರೆ ಬೇರೆ ರಾಸಾಯನಿಕದಿಂದ ಮಾಡಿದ ಎರಡು ಬಣ್ಣಗಳು ಒಂದು ಬೆಳಕಲ್ಲಿ ಕಣ್ಣಿನ ಮೂರೂ ಕೋಶಗಳಿಗೆ ಒಂದೇ ಲೆಕ್ಕ ಕೊಡಬಹುದು. ಬೆಳಕು ಬದಲಾದರೆ ಆ ಲೆಕ್ಕ ಒಡೆಯುತ್ತದೆ. ಇದನ್ನು ಮೆಟಮೆರಿಸಂ ಅನ್ನುತ್ತಾರೆ. ಇಳಕಲ್ ಸೀರೆಗಳನ್ನು ತೆಗೆಯುವಾಗ ಇದು ಚೆನ್ನಾಗಿ ಕಾಣುತ್ತದೆ. ಒಡಲು ಹತ್ತಿ, ಸೆರಗು ರೇಷ್ಮೆ ಅಥವಾ ಆರ್ಟ್ ಸಿಲ್ಕ್. ಹತ್ತಿಗೆ ಹಾಕುವ ಬಣ್ಣದ ಜಾತಿಯೇ ಬೇರೆ, ರೇಷ್ಮೆಯದೇ ಬೇರೆ. ಒಡಲೂ ಕೆಂಪು, ಸೆರಗಿನ ಟೋಪ್ ತೆನಿ ವಿನ್ಯಾಸವೂ ಕೆಂಪು ಇರುವ ಸೀರೆಯಲ್ಲಿ ಅವೆರಡು ಕಿಟಕಿ ಬೆಳಕಲ್ಲಿ ಒಂದೇ ಆಗಿದ್ದು ಟ್ಯೂಬ್‌ಲೈಟಿನಲ್ಲಿ ಬೇರೆಯಾಗಬಹುದು. ಕ್ಯಾಮೆರಾ ಕಣ್ಣಿಗಿಂತ ಬೇರೆ ಫಿಲ್ಟರ್‌ಗಳಿಂದ ನೋಡುವುದರಿಂದ, ಕಣ್ಣಿಗೆ ಒಂದೇ ಆದದ್ದು ಫೋಟೋದಲ್ಲಿ ಎರಡಾಗುವುದೂ ಉಂಟು. ಗಿರಾಕಿಗೆ ಎರಡು ಬೆಳಕಿನ ಫೋಟೋ ಕಳಿಸಿ, ಯಾವುದು ಎಲ್ಲಿಯದು ಅಂತ ಬರೆಯಿರಿ. ಇದಕ್ಕಿಂತ ಬೇರೆ ಪ್ರಾಮಾಣಿಕ ದಾರಿ ನನಗೆ ಕಂಡಿಲ್ಲ.

ಕಣ್ಣನ್ನೂ ಪರೀಕ್ಷೆಗೆ ಒಡ್ಡಿ

ಎಲ್ಲ ಅಳತೆ ಸರಿ ಬಂದರೂ "ಇಲ್ಲ, ಬಣ್ಣ ಬೇರೆ" ಅಂತ ನೀವೇ ಅನ್ನುತ್ತಿದ್ದರೆ, ನೋಡುತ್ತಿರುವುದು ಯಾವಾಗ, ಎಲ್ಲಿ ಅಂತ ಕೇಳಿಕೊಳ್ಳಿ. ಸಂಜೆ ದೀಪ ಹಚ್ಚುವ ಮೊದಲು ಕೆಂಪು ಸೀರೆ ಕಪ್ಪಾಗುತ್ತದೆ, ಪಕ್ಕದ ಹಸಿರು ಅಂಚು ಹೊಳೆಯುತ್ತದೆ. ಮಬ್ಬಿನಲ್ಲಿ ಕೋನ್‌ಗಳು ಸುಮ್ಮನಾಗಿ ರಾಡ್ ಕೋಶಗಳು ಕೆಲಸ ಹಿಡಿಯುತ್ತವೆ, ಅವಕ್ಕೆ ಕೆಂಪು ಕಾಣುವುದೇ ಇಲ್ಲ ಅನ್ನಬಹುದು. ಬೊಹೀಮಿಯಾದ ವಿಜ್ಞಾನಿ ಪುರ್ಕಿನ್ಯೆ 1825ರಲ್ಲೇ ಇದನ್ನು ಬರೆದಿದ್ದರು. ಆ ಹೊತ್ತಿನಲ್ಲಿ ಫೋಟೋ ತೆಗೆದು ಸೀರೆಯ ಜೊತೆ ಹೋಲಿಸಬೇಡಿ. ಕ್ಯಾಮೆರಾಗೆ ಈ ಕಾಯಿಲೆ ಇಲ್ಲ, ಅದು ಕೆಂಪನ್ನು ಕೆಂಪಾಗಿಯೇ ತೆಗೆದಿರುತ್ತದೆ.

ಪಕ್ಕದ ಬಣ್ಣವೂ ಮೋಸ ಮಾಡುತ್ತದೆ. ಪ್ಯಾರಿಸ್‌ನ ಗೋಬಲಾ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲಿಗೆ ಕಪ್ಪೇ ಸಾಲದು ಅಂತ ದೂರು ಬಂದಿತ್ತು. ಅಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್ ಪರೀಕ್ಷಿಸಿ ನೋಡಿದರೆ ನೂಲಿನ ಬಣ್ಣದಲ್ಲಿ ತಪ್ಪಿಲ್ಲ, ಪಕ್ಕದಲ್ಲಿ ನೇಯ್ದ ನೀಲಿ ಮತ್ತು ನೇರಳೆ ಅದನ್ನು ಮಂಕು ಮಾಡುತ್ತಿದ್ದವು. 1839ರಲ್ಲಿ ಅವರು ಇದರ ನಿಯಮವನ್ನೇ ಪ್ರಕಟಿಸಿದರು. ನೀವು ಬಣ್ಣ ತೀರ್ಮಾನಿಸುವಾಗ ಹಿನ್ನೆಲೆ ಬೂದು ಇರಲಿ.

ಒಬ್ಬೊಬ್ಬರ ಊಹೆ ಒಂದೊಂದು ಎನ್ನುವುದಕ್ಕೆ 2015ರ ಫೆಬ್ರುವರಿಯಲ್ಲಿ ಜಗತ್ತೆಲ್ಲ ಜಗಳಾಡಿದ ಆ ಡ್ರೆಸ್ ಫೋಟೋ ನೆನಪಿರಬಹುದು. ಕೆಲವರಿಗೆ ನೀಲಿ-ಕಪ್ಪು, ಕೆಲವರಿಗೆ ಬಿಳಿ-ಚಿನ್ನ. ನಿಜವಾದ ಬಟ್ಟೆ ನೀಲಿ-ಕಪ್ಪು. ನೆರಳಿನಲ್ಲಿದೆ ಅಂತ ಮೆದುಳು ಅಂದುಕೊಂಡವರು ನೀಲಿಯನ್ನು ಕಳೆದು ಬಿಳಿ ಕಂಡರು. ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಕಣ್ಣಿನ ಮಸೂರ ವರ್ಷ ಕಳೆದಂತೆ ಹಳದಿಯಾಗುತ್ತದೆ, ನೀಲಿ ಮಂಕಾಗುತ್ತದೆ. ಪೊರೆ ಆಪರೇಷನ್ ಮಾಡಿಸಿಕೊಂಡ ಅಜ್ಜಿ "ಈ ಸೀರೆ ಇಷ್ಟು ನೀಲಿ ಇತ್ತೇನೇ?" ಅಂದರೆ ಅವರ ಮಾತು ಸರಿಯೇ.

ಸ್ಕ್ರೀನ್

ಇಲ್ಲಿ ಜಾಸ್ತಿ ಹೇಳುವುದಿಲ್ಲ. ನೈಟ್ ಲೈಟ್, ಐ ಕಂಫರ್ಟ್ ಆನ್ ಆಗಿದೆಯೇ ನೋಡಿ, ರಾತ್ರಿ ಬರುವ ದೂರುಗಳಲ್ಲಿ ಇದೇ ಹೆಚ್ಚು. ಆಮೇಲೆ ಡಿಸ್‌ಪ್ಲೇಯ ವಿವಿಡ್ ಮೋಡನ್ನು ನ್ಯಾಚುರಲ್‌ಗೆ ಬದಲಿಸಿ ನೋಡಿ. ಎಡಿಟಿಂಗ್ ಮುಗಿಸಿ ಉಳಿಸುವಾಗ ಎಸ್‌ಆರ್‌ಜಿಬಿ ಆಯ್ಕೆ ಇರಲಿ. 2016ರ ಐಫೋನ್ 7ರಿಂದೀಚೆ ಹಲವು ಫೋನುಗಳು ಎಸ್‌ಆರ್‌ಜಿಬಿಗಿಂತ ಅಗಲವಾದ ಪಿ3 ಬಣ್ಣದ ಅಳತೆಯಲ್ಲಿ ಫೋಟೋ ತೆಗೆಯುತ್ತವೆ, ಇದು ಪಿ3 ಅಂತ ಫೈಲಿನೊಳಗೆ ಬರೆದಿರುವ ಚೀಟಿ ದಾರಿಯಲ್ಲಿ ಕಳೆದುಹೋದರೆ ಗಿರಾಕಿಗೆ ಬಣ್ಣ ಸಪ್ಪೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಕುಗ್ಗಿಸುವಾಗ ಬಣ್ಣದ ಸೂಕ್ಷ್ಮ ವಿವರವೇ ಮೊದಲು ಹೋಗುತ್ತದೆ, ತೆಳು ಕೆಂಪು ಗೆರೆಯ ಅಂಚು ಕಲಸಿಬಿಡುತ್ತದೆ. ಸ್ಕ್ರೀನಿನ ಬಣ್ಣವನ್ನು ಸೀರೆಯ ಜೊತೆ ಹೋಲಿಸುವುದಾದರೆ ಹಗಲು ಹೊತ್ತು, ಕಿಟಕಿ ಪಕ್ಕ. ಹಳದಿ ದೀಪದ ಕೋಣೆಯಲ್ಲಿ ಯಾವ ಸ್ಕ್ರೀನೂ ನೀಲಿಯಾಗಿಯೇ ಕಾಣುತ್ತದೆ.

ಫೋಟೋದಲ್ಲಿ ಅಡ್ಡ ಪಟ್ಟಿಗಳು ಬಂದರೆ, ಅಥವಾ ಒಂದು ಫೋಟೋ ಹಳದಿ ಮುಂದಿನದು ಬಿಳಿ ಬಂದರೆ, ಅದು ದೀಪದ ಮಿನುಗು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಡಿ, ಸಾಕು.

ತಿರುಗಿಸಿದರೆ ಬದಲಾಗುವ ಸೀರೆ

ಡಬಲ್ ಶೇಡ್ ಸೀರೆಗಳಲ್ಲಿ ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನದು ಇನ್ನೊಂದು. ಹಾಸು ಹಸಿರು, ಹೊಕ್ಕು ನೇರಳೆ ಇದ್ದರೆ ಒಂದು ಕಡೆಯಿಂದ ನವಿಲಿನ ಕತ್ತು, ಇನ್ನೊಂದು ಕಡೆಯಿಂದ ದ್ರಾಕ್ಷಿ. ರೇಷ್ಮೆಯ ಎಳೆ ಉದ್ದಕ್ಕೂ ಒಂದು ತರಹ, ಅಡ್ಡಕ್ಕೆ ಒಂದು ತರಹ ಹೊಳೆಯುವುದರಿಂದ ನೋಡುವ ಕೋನವೇ ಯಾವ ನೂಲು ಗೆಲ್ಲಬೇಕು ಅಂತ ತೀರ್ಮಾನಿಸುತ್ತದೆ. ಎದುರಿನಿಂದ ಫ್ಲಾಶ್ ಹೊಡೆದರೆ ಎರಡೂ ಕಲಸಿ ಮಣ್ಣು ಬಣ್ಣ ಬರುತ್ತದೆ. ಬೆಳಕು ಪಕ್ಕದಿಂದ ಬರಲಿ. ಸೀರೆಯನ್ನು ಹಾಸದೆ ನೆರಿಗೆ ಹಿಡಿದು ಇಳಿಬಿಡಿ, ಒಂದೊಂದು ಮಡಿಕೆ ಒಂದೊಂದು ಕೋನಕ್ಕೆ ತಿರುಗಿ ಎರಡೂ ಬಣ್ಣ ಒಂದೇ ಫೋಟೋದಲ್ಲಿ ಸಿಗುತ್ತವೆ. ಅದರ ಜೊತೆಗೆ ಸೆರಗನ್ನು ನಿಧಾನಕ್ಕೆ ತಿರುಗಿಸುವ ಹತ್ತು ಸೆಕೆಂಡಿನ ವಿಡಿಯೋ ಕಳಿಸಿ. ವಿಡಿಯೋ ತೆಗೆಯುವ ಮೊದಲು ವೈಟ್ ಬ್ಯಾಲೆನ್ಸ್ ಲಾಕ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಸೀರೆ ತಿರುಗಿದಂತೆಲ್ಲ ಹಿಂದಿನ ಗೋಡೆಯ ಬಣ್ಣವೂ ತಿರುಗುತ್ತದೆ.